ಪರಿಚಯವೆಂಬ ಪಿತ್ರಾರ್ಜಿತ



ವಿಶ್ವವಿದ್ಯಾನಿಲಯಗಳು ತಮ್ಮ ವಿದ್ಯಾರ್ಥಿಗಳಿಗೆ ಸಲ್ಲಿಸುವ ಉದ್ಯೋಗ ಮಾರ್ಗದರ್ಶನ ಸೇವೆಯನ್ನು ಯಾವ ನೂತನ ವಿಧಾನಗಳಿಂದ ಅವರ ಬಳಿಗೆ ಒಯ್ಯಬಹುದು, ಅಂಥದೊಂದು ಸೇವೆ ಇದೆಯೆಂಬ ಸಂಗತಿಯನ್ನಾದರೂ ಅವರಿಗೆ ಹೇಗೆ ಮನಗಾಣಿಸಬಹುದು ಎಂಬುದು ಈ ಎರಡು ದಿನಗಳ ವಿಚಾರಸಂಕಿರಣದ ವಿಷಯ. ಆಶಯ ಭಾಷಣ ಮಾಡುವವನು ನೂತನವಾದುದರ ಪ್ರಶಂಸೆಯಿಂದ ತೊಡಗುವುದು ವಾಡಿಕೆ. ಮೊಬೈಲ್ ಆ್ಯಪ್‌ಗಳು, ಕೃತಕ ಬುದ್ಧಿಮತ್ತೆ ಮುಂತಾದವನ್ನು ಕುರಿತು ಇಲ್ಲಿ ಮಂಡಿತವಾಗಲಿರುವ ಪ್ರಬಂಧಗಳ ಪಟ್ಟಿಯನ್ನು ನೋಡಿದರೆ ಆ ಕಾರ್ಯಕ್ಕೆ ಸಮರ್ಥರ ಕೊರತೆಯಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಆದಕಾರಣ ನಾನು ತುಸು ಹಿಂದಕ್ಕೆ ಹೋಗಿ, ಇಂಥ ಕಚೇರಿಗಳು ಹುಟ್ಟುವ ಮುನ್ನ ನಮ್ಮ ನಾಡಿನಲ್ಲಿ ಓದಿದವನಿಗೆ ಕೆಲಸ ಹೇಗೆ ದೊರೆಯುತ್ತಿತ್ತು ಎಂಬುದನ್ನು ಮೊದಲು ವಿಚಾರಿಸಲು ತಮ್ಮ ಅಪ್ಪಣೆ ಬೇಡುತ್ತೇನೆ. ಏಕೆಂದರೆ ಒಂದು ಕಚೇರಿ ಯಾವುದರ ಸ್ಥಾನದಲ್ಲಿ ಬಂದು ಕುಳಿತಿದೆಯೆಂಬುದನ್ನು ಅರಿಯದೆ ಅದಕ್ಕೆ ಏನು ಕೊರತೆಯಾಗಿದೆಯೆಂದು ಹೇಳಲಾಗದು.

ಮೈಸೂರು, ಬೆಂಗಳೂರು, ಧಾರವಾಡಗಳಂಥ ಊರುಗಳಿಗೆ ಹಳ್ಳಿಯಿಂದ ಓದಲು ಬಂದ ಬಡ ಹುಡುಗ ಸೋಮವಾರ ವಕೀಲರ ಮನೆಯಲ್ಲಿ, ಮಂಗಳವಾರ ಅಮಲ್ದಾರರ ಮನೆಯಲ್ಲಿ, ಬುಧವಾರ ಯಾರೋ ಹೆಡ್‌ಮಾಸ್ತರರ ಮನೆಯಲ್ಲಿ ಉಂಡು, ವಾರಾನ್ನದ ಬಲದಿಂದ ಪದವೀಧರನಾಗುತ್ತಿದ್ದ ಕಾಲವೊಂದಿತ್ತು. ಆ ಪದ್ಧತಿಯನ್ನು ನಾವು ಹೊಟ್ಟೆಯ ದೃಷ್ಟಿಯಿಂದಲೇ ನೆನೆಯುತ್ತೇವೆ. ಅದರ ಮತ್ತೊಂದು ಮುಖವನ್ನು ಗಮನಿಸಿದವರು ಕಡಮೆ. ಏಳು ಮನೆಗಳಲ್ಲಿ ಉಂಡ ಹುಡುಗನಿಗೆ ಪರೀಕ್ಷೆ ಮುಗಿಯುವ ವೇಳೆಗೆ ಏಳು ಮಂದಿ ಗೃಹಸ್ಥರ ಪರಿಚಯವಾಗಿರುತ್ತಿತ್ತು. ಅವನ ನಡತೆ, ಕೈಬರಹ, ಲೆಕ್ಕದ ಚುರುಕು ಇವೆಲ್ಲ ಆ ಮನೆಗಳ ಜಗುಲಿಯ ಮೇಲೆ ಪರೀಕ್ಷಿತವಾಗಿರುತ್ತಿದ್ದವು. ಕಚೇರಿಯಲ್ಲೋ ರೈಲ್ವೆಯಲ್ಲೋ ಗುಮಾಸ್ತೆಯ ಜಾಗವೊಂದು ತೆರವಾಯಿತೆಂದರೆ ಆ ಸುದ್ದಿ ಗೆಜೆಟ್ಟಿಗಿಂತ ಮುಂಚಿತವಾಗಿ ಊಟದ ಎಲೆಯ ಮುಂದೆ ಅವನ ಕಿವಿಗೆ ಬೀಳುತ್ತಿತ್ತು.

ಆದರೆ ಆ ಏಳು ಬಾಗಿಲುಗಳು ಯಾರಿಗೆ ತೆರೆದಿದ್ದವೆಂದು ಕೇಳಿದೊಡನೆ ಈ ಚಿತ್ರದ ಸೊಗಸು ಮಾಸಿಹೋಗುತ್ತದೆ. ವಾರಾನ್ನದ ಮನೆಗಳು ಬಹುಮಟ್ಟಿಗೆ ಸ್ವಜಾತಿಯ ಮನೆಗಳು. ಹೆಣ್ಣುಮಕ್ಕಳ ಮಾತಂತೂ ಅಲ್ಲಿ ಏಳುವಂತೆಯೇ ಇರಲಿಲ್ಲ. ಆ ಜಗುಲಿಗಳನ್ನು ಏರಲಾರದವರಿಗಾಗಿ ಬೇರೆ ಜಗುಲಿಗಳನ್ನೇ ಕಟ್ಟಬೇಕಾಯಿತು. 1897ರಲ್ಲಿ ಮಂಗಳೂರಿನಲ್ಲಿ ಕುದ್ಮಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ಅಕ್ಷರದೊಡನೆ ಕಸುಬನ್ನೂ ಕಲಿಸತೊಡಗಿದುದು, 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿದುದು, 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದುದು, ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿದುದು, ಇವೆಲ್ಲ ನಮ್ಮ ಶಿಕ್ಷಣ ಚರಿತ್ರೆಯ ಪ್ರಸಿದ್ಧ ಅಧ್ಯಾಯಗಳು. ಇಂಥ ಸಂಸ್ಥೆಗಳ ವಿದ್ಯಾರ್ಥಿನಿಲಯಗಳು ಹುಡುಗರಿಗೆ ಇತ್ತದ್ದು ಹಾಸಿಗೆ ಮತ್ತು ಅನ್ನ ಮಾತ್ರವಲ್ಲ. ಹಿಂದಿನ ವರ್ಷ ಅಲ್ಲಿಯೇ ಇದ್ದು ಈಗ ಸಬ್‌ರಿಜಿಸ್ಟ್ರಾರ್ ಆಗಿರುವವನು ಬಸವಜಯಂತಿಗೋ ಗಣೇಶನ ಹಬ್ಬಕ್ಕೋ ಮರಳಿ ಬಂದಾಗ, ಪಂಕ್ತಿಯಲ್ಲಿ ಅವನ ಪಕ್ಕಕ್ಕೆ ಕುಳಿತ ಹುಡುಗನಿಗೆ ಆ ಕೆಲಸ ಎಂಥದು, ಅರ್ಜಿ ಎಲ್ಲಿ ಕೊಡುವುದು, ಸಾಹೇಬರ ಮುಂದೆ ಹೇಗೆ ನಿಲ್ಲುವುದು ಎಂಬುದು ತಿಳಿಯುತ್ತಿತ್ತು. ನಮ್ಮ ನಾಡಿನಲ್ಲಿ ಉದ್ಯೋಗ ಮಾರ್ಗದರ್ಶನದ ಮೊದಲ ಕೇಂದ್ರಗಳು ಯಾವುವೆಂದು ಕೇಳಿದರೆ ನಾನು ಈ ಊಟದ ಪಂಕ್ತಿಗಳನ್ನೇ ತೋರಿಸುತ್ತೇನೆ.

ಪರಿಚಯವೆಂಬುದು ಹೀಗೆ ಹೊಲಮನೆಗಳಂತೆ ತಂದೆಯಿಂದ ಮಗನಿಗೆ, ಜಾತಿಯಿಂದ ಜಾತಿಬಾಂಧವನಿಗೆ ಇಳಿದು ಬರುವ ಸ್ವತ್ತಾಗಿತ್ತು. ಅದನ್ನು ಸಾರ್ವಜನಿಕ ಸ್ವತ್ತಾಗಿ ಮಾಡಬೇಕೆಂಬ ಹಂಬಲವೇ ಸರಕಾರಿ ಉದ್ಯೋಗ ಕಚೇರಿಗಳ ಮೂಲದಲ್ಲಿ ಇದ್ದಿತೆಂದು ನನ್ನ ಭಾವನೆ. ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದ 1945ರಲ್ಲಿ, ಸೇನೆಯಿಂದ ಬಿಡುಗಡೆಯಾಗುವ ಯೋಧರಿಗೆ ಜೀವನೋಪಾಯ ಕಲ್ಪಿಸಲೆಂದು ಉದ್ಯೋಗ ವಿನಿಮಯ ಕೇಂದ್ರಗಳು ಆರಂಭವಾದವು. 1948ರಲ್ಲಿ ಅವುಗಳ ಬಾಗಿಲು ಸಕಲರಿಗೂ ತೆರೆಯಿತು. ಆ ಕೇಂದ್ರಗಳ ಭವಿಷ್ಯವನ್ನು ವಿಮರ್ಶಿಸಲು 1952ರಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ಮಂಗಳೂರಿನವರೇ ಆದ, ಪತ್ರಿಕೋದ್ಯಮದಲ್ಲಿ ಹೆಸರಾಗಿದ್ದ, ಆಗ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಬೆನಗಲ್ ಶಿವರಾಯರು. ಕೇಂದ್ರಗಳ ದೈನಂದಿನ ಆಡಳಿತ ರಾಜ್ಯಗಳ ಕೈಗೆ ಬರತಕ್ಕದ್ದೆಂದೂ, ಕೆಲಸದ ಸುದ್ದಿ ಕೊಟ್ಟರೆ ಸಾಲದು, ತರುಣರಿಗೆ ವೃತ್ತಿ ಮಾರ್ಗದರ್ಶನವೂ ಅವಶ್ಯವೆಂದೂ 1954ರಲ್ಲಿ ಆ ಸಮಿತಿ ಶಿಫಾರಸು ಮಾಡಿತು. ರಾಜ್ಯಗಳಿಗೆ ಹಸ್ತಾಂತರವಾದದ್ದು 1956ನೆಯ ಇಸವಿ ನವೆಂಬರ್ 1ರಂದು, ಅಂದರೆ ಕನ್ನಡ ನಾಡು ಒಂದಾದ ದಿನವೇ. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಸಂಗತಿ ಎಂದೂ ಕೇಳಿಬರುವುದಿಲ್ಲವೆಂಬುದು ಬೇರೆ ಮಾತು.

ಆ ಚಿಂತನೆಯ ಫಲವಾಗಿಯೇ ಮುಂದೆ ವಿಶ್ವವಿದ್ಯಾನಿಲಯಗಳಲ್ಲಿ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರಗಳು ಬಂದವು. ಉದ್ಯೋಗ ಇಲಾಖೆ ಒಬ್ಬ ಅಧಿಕಾರಿಯನ್ನು ಕೊಡುವುದು, ವಿಶ್ವವಿದ್ಯಾನಿಲಯ ಸ್ಥಳವನ್ನೂ ಒಬ್ಬ ಪ್ರಾಧ್ಯಾಪಕರ ಮುಖ್ಯಸ್ಥಿಕೆಯನ್ನೂ ಕೊಡುವುದು, ಇಬ್ಬರೂ ಕೂಡಿ ನಡೆಸುವುದು: ಯೋಜನೆ ಬಹು ವಿವೇಕದ್ದೇ. ಆದರೆ ಕಾಲಕ್ರಮದಲ್ಲಿ ಅಲ್ಲಿನ ಮಾರ್ಗದರ್ಶನ ಹಿಂದೆ ಸರಿದು ನೋಂದಣಿ ಮುಂದೆ ಬಂದಿತು. ಕಾರ್ಡು ಮಾಡಿಸಿಕೊಂಡು, ವರ್ಷಗಳ ಪರ್ಯಂತ ನವೀಕರಿಸುತ್ತ, ಕರೆ ಬಾರದೆ ವಯೋಮಿತಿ ದಾಟಿದವರ ಒಂದು ತಲೆಮಾರೇ ನಮ್ಮ ಮಧ್ಯೆ ಇದೆ. ಆಮೇಲೆ ಮಾಹಿತಿ ತಂತ್ರಜ್ಞಾನದ ಉಬ್ಬರದೊಡನೆ ಪ್ಲೇಸ್‌ಮೆಂಟ್ ಸೆಲ್‌ಗಳು ಹುಟ್ಟಿದವು. ಅವುಗಳ ದೃಷ್ಟಿ ಕಂಪನಿಯ ಕಡೆಗೆ. ಕಂಪನಿಗೆ ಬೇಕಾದ ಅಂಕಗಳುಳ್ಳವರನ್ನು ಸಾಲಾಗಿ ಕೂರಿಸಿ ಕೊಡುವುದೇ ಅವುಗಳ ಕರ್ತವ್ಯವೆಂಬಂತಾಗಿ, ಸಾಲಿನಲ್ಲಿ ಕೂರಲು ಅರ್ಹರಲ್ಲದವರ ಗತಿ ಏನೆಂಬುದು ಯಾರ ಕಡತಕ್ಕೂ ಸೇರದ ವಿಷಯವಾಯಿತು.

ಅಂಥವರು ಎಷ್ಟು ಮಂದಿ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಕೂಡಿ 2024ರಲ್ಲಿ ಹೊರತಂದ ಭಾರತ ಉದ್ಯೋಗ ವರದಿಯಲ್ಲಿ ಒಂದು ಸಂಖ್ಯೆಯಿದೆ. 2022ರಲ್ಲಿ ನಮ್ಮ ದೇಶದ ಪದವೀಧರ ಯುವಜನರಲ್ಲಿ ನಿರುದ್ಯೋಗದ ಪ್ರಮಾಣ ಶೇಕಡ 29.1, ಓದು ಬರಹ ಬಾರದ ಯುವಜನರಲ್ಲಿ ಅದು ಶೇಕಡ 3.4. ಓದಿನಿಂದಲೇ ಕೆಲಸ ತಪ್ಪುತ್ತದೆಯೆಂದು ಇದರಿಂದ ನಿಗಮನ ಮಾಡುವವರು ಅವಸರದವರು. ಓದದವನಿಗೆ ಕಾಯುವ ಸೌಕರ್ಯವಿಲ್ಲ, ಬೆಳಗಾದರೆ ಯಾವುದಾದರೊಂದು ಕೂಲಿಗೆ ಹೊರಡಲೇಬೇಕು. ಓದಿದವನು ತನ್ನ ಓದಿಗೆ ತಕ್ಕುದಕ್ಕಾಗಿ ಕಾಯುತ್ತಾನೆ, ಆದರೆ ತಕ್ಕುದು ಯಾವುದು, ಎಲ್ಲಿದೆ ಎಂಬುದನ್ನು ಹೇಳುವವರು ಅವನ ಮನೆಯಲ್ಲಿಯೂ ಇಲ್ಲ, ಓಣಿಯಲ್ಲಿಯೂ ಇಲ್ಲ. ಕಾಯುವಿಕೆಯ ಈ ಕತ್ತಲೆಯಲ್ಲಿಯೇ ನಮ್ಮ ಸೇವೆಗೆ ನಿಜವಾದ ಕೆಲಸವಿರುವುದು.

ಉದ್ಯೋಗ ದೊರೆಯುವ ಬಗೆಯನ್ನು ಕುರಿತು ಈಚಿನ ಸಮಾಜಶಾಸ್ತ್ರದಲ್ಲಿ ಅತ್ಯಂತ ಪ್ರಸಿದ್ಧವಾದ ಶೋಧನೆಯೊಂದು ವಾರಾನ್ನದ ಕಥೆಗೆ ವಿಚಿತ್ರವಾಗಿ ಹೊಂದಿಬರುತ್ತದೆ. ಅಮೆರಿಕದ ಮಾರ್ಕ್ ಗ್ರಾನೊವೆಟರ್ ಎಂಬ ವಿದ್ವಾಂಸರು ಬಾಸ್ಟನ್ ನಗರದ ಬಳಿಯ ಉಪನಗರವೊಂದರಲ್ಲಿ, ಪರಿಚಿತರ ಮೂಲಕ ಕೆಲಸ ಪಡೆದಿದ್ದ ನೌಕರರನ್ನು ಕಂಡು, ಸುದ್ದಿ ಕೊಟ್ಟ ಆ ಪರಿಚಿತನನ್ನು ನೀವು ಎಷ್ಟು ಸಲ ಕಾಣುತ್ತಿದ್ದಿರಿ ಎಂದು ವಿಚಾರಿಸಿದರು. ಪದೇ ಪದೇ ಕಾಣುತ್ತಿದ್ದವರಿಂದ ಸುದ್ದಿ ಪಡೆದವರು ಆರರಲ್ಲಿ ಒಂದು ಪಾಲಿನಷ್ಟು ಮಾತ್ರ. ಉಳಿದವರಿಗೆಲ್ಲ ಅದು ದೊರೆತದ್ದು ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರಿಂದ ಅಥವಾ ಅಪರೂಪಕ್ಕೆ ಭೇಟಿಯಾಗುತ್ತಿದ್ದವರಿಂದ. 1973ರಲ್ಲಿ ಪ್ರಕಟವಾದ ಆ ಲೇಖನದ ತಾತ್ಪರ್ಯ ಸರಳವಾದದ್ದು: ಆಪ್ತರಿಗೆ ತಿಳಿದಿರುವುದು ನಮಗೂ ತಿಳಿದೇ ಇರುತ್ತದೆ, ಹೊಸ ಸುದ್ದಿ ಬರುವುದು ದೂರದ ಪರಿಚಯದಿಂದ. ಅರ್ಧ ಶತಮಾನದ ನಂತರ, 2022ರಲ್ಲಿ, ಲಿಂಕ್ಡ್‌ಇನ್ ಬಳಸುವ ಸುಮಾರು 2 ಕೋಟಿ ಜನರ ಮಾಹಿತಿಯನ್ನಿಟ್ಟುಕೊಂಡು ನಡೆದ ಪ್ರಯೋಗವೂ ಸ್ಥೂಲವಾಗಿ ಇದನ್ನೇ ಸಮರ್ಥಿಸಿತು. ಈಗ ಒಂದು ಕ್ಷಣ ಯೋಚಿಸಿರಿ: ಸಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ತನ್ನ ವಂಶದಲ್ಲಿಯೇ ಮೊದಲನೆಯವಳಾಗಿ ಬಿ.ಎ. ಓದುತ್ತಿರುವ ಹುಡುಗಿಗೆ ಆಪ್ತರಿಗೇನು ಕೊರತೆ? ಊರೇ ಅವಳ ಬಂಧುಬಳಗ. ಅವಳಿಗೆ ಇಲ್ಲದಿರುವುದು ಆ ದೂರದ ಪರಿಚಯ. ಅದನ್ನು ಅವಳಿಗೆ ಜಾತಿ ಕೇಳದೆ, ಊರು ಕೇಳದೆ, ಬಡ್ಡಿಯಿಲ್ಲದೆ ಕಡ ಕೊಡಬಲ್ಲ ಸಂಸ್ಥೆ ಈ ಸೀಮೆಯಲ್ಲಿ ಒಂದೇ ಒಂದು ಇದೆ, ಅದು ವಿಶ್ವವಿದ್ಯಾನಿಲಯ. ನಮ್ಮ ಸೇವೆಯ ಎಲ್ಲ ನಾವೀನ್ಯಕ್ಕೂ ಇದೊಂದೇ ಒರೆಗಲ್ಲೆಂದು ನಾನು ತಿಳಿಯುತ್ತೇನೆ.

ಹಳೆಯ ವಿದ್ಯಾರ್ಥಿಗಳ ಸಂಘಗಳು ನಮ್ಮಲ್ಲಿ ಹೇರಳವಾಗಿವೆ. ವರ್ಷಕ್ಕೊಮ್ಮೆ ಸೇರುತ್ತವೆ, ಶಾಲು ಹೊದಿಸುತ್ತವೆ, ಕಟ್ಟಡಕ್ಕೆ ಚಂದಾ ಎತ್ತುತ್ತವೆ. ನಾನು ಅವರಿಂದ ಚಂದಾ ಬೇಡ ಎನ್ನುವವನಲ್ಲ; ಆದರೆ ಚಂದಾಕ್ಕಿಂತ ಸುಲಭವಾದ, ಚಂದಾಕ್ಕಿಂತ ಬೆಲೆಯುಳ್ಳ ವಸ್ತುವೊಂದನ್ನು ನಾವು ಅವರಿಂದ ಕೇಳಿಯೇ ಇಲ್ಲ. ತಿಂಗಳಿಗೆ ಅರ್ಧ ಗಂಟೆಯ ಮಾತು. ಕೆಲಸ ಕೊಡಿಸಿರೆಂದು ಕೇಳಿದರೆ ಯಾರಾದರೂ ಸಂಕೋಚಪಟ್ಟು ಹಿಂದೆಗೆಯುತ್ತಾರೆ. ನಿಮ್ಮ ಕೆಲಸ ಎಂಥದು, ಬೆಳಿಗ್ಗೆ ಕಚೇರಿಗೆ ಹೋಗಿ ಮಾಡುವುದೇನು, ಈ ದಾರಿಗೆ ಬಂದದ್ದು ಹೇಗೆ, ಇದನ್ನು ಒಬ್ಬ ಹುಡುಗನಿಗೆ ಫೋನಿನಲ್ಲಿ ಹೇಳುವಿರಾ ಎಂದು ಕೇಳಿದರೆ ಇಲ್ಲವೆನ್ನುವವರು ವಿರಳ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಇಂದು ಪತ್ತಿನ ಸಹಕಾರ ಸಂಘದಲ್ಲಿ, ವಿಮಾ ಕಚೇರಿಯಲ್ಲಿ, ಸ್ವಯಂಸೇವಾ ಸಂಸ್ಥೆಯಲ್ಲಿ, ನ್ಯಾಯಾಲಯದ ಶಿರಸ್ತೇದಾರಿಕೆಯಲ್ಲಿ, ಉಗ್ರಾಣದ ಮೇಲ್ವಿಚಾರಣೆಯಲ್ಲಿ, ಬೆಂಗಳೂರಿನ ಯಾವುದೋ ಕಂಪನಿಯ ಕನ್ನಡ ಗ್ರಾಹಕ ಸೇವೆಯಲ್ಲಿ ಇರುವವರ ಪಟ್ಟಿಯನ್ನು ತಾಲ್ಲೂಕುವಾರು ತಯಾರಿಸಿ, ಪ್ರತಿಯೊಂದು ಕಾಲೇಜಿನಲ್ಲಿಯೂ ಇಟ್ಟರೆ ಅದಕ್ಕೆ ತಗಲುವ ಖರ್ಚು ಒಂದು ಉದ್ಯೋಗ ಮೇಳದ ಶಾಮಿಯಾನದ ಖರ್ಚಿಗಿಂತ ಕಡಮೆಯಾದೀತು. ಈ ಪಟ್ಟಿಯಲ್ಲಿ ಜಿಲ್ಲಾಧಿಕಾರಿಗಳೂ ವಿಜ್ಞಾನಿಗಳೂ ಇದ್ದರೆ ಬೇಡವೆನ್ನಲಾರೆ. ಆದರೆ ಎರಡು ಮೆಟ್ಟಿಲು ಮೇಲೆ ನಿಂತವನ ಕೈ ಎಟುಕುವಷ್ಟು ಸುಲಭವಾಗಿ ಗೋಪುರದ ಮೇಲಿರುವವನ ಕೈ ಎಟುಕುವುದಿಲ್ಲ.

ಇನ್ನು ಸ್ಥಳ ಮತ್ತು ವೇಳೆಯ ವಿಚಾರ. ವೃತ್ತಿ ಮಾರ್ಗದರ್ಶನವೆಂಬ ಶಾಸ್ತ್ರಕ್ಕೆ ಮೂಲಪುರುಷನೆಂದು ಎಲ್ಲರೂ ಒಪ್ಪುವ ಫ್ರಾಂಕ್ ಪಾರ್ಸನ್ಸ್ 1908ರ ಜನವರಿಯಲ್ಲಿ ತನ್ನ ವೃತ್ತಿ ಕೇಂದ್ರವನ್ನು ತೆರೆದದ್ದು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಅಲ್ಲ. ಬಾಸ್ಟನ್ನಿನ ಉತ್ತರ ಭಾಗದಲ್ಲಿ, ಹೊರದೇಶಗಳಿಂದ ವಲಸೆ ಬಂದ ಬಡ ಕಾರ್ಮಿಕರ ಕೇರಿಯ ನಡುವಣ ಒಂದು ಸೇವಾಗೃಹದಲ್ಲಿ. ಅದೇ ವರ್ಷ ಆತ ತೀರಿಹೋದ. ಅವನ ಪುಸ್ತಕ ಮರುವರ್ಷ ಅಚ್ಚಾಯಿತು. ತನ್ನನ್ನು ಅರಿ, ಕೆಲಸಗಳನ್ನು ಅರಿ, ಎರಡನ್ನೂ ವಿವೇಚನೆಯಿಂದ ಹೊಂದಿಸು ಎಂಬ ಅವನ ತ್ರಿಸೂತ್ರವನ್ನು ನಾವು ತರಬೇತಿ ಶಿಬಿರಗಳಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಅವನು ಕುರ್ಚಿಯನ್ನು ಎಲ್ಲಿ ಹಾಕಿಕೊಂಡು ಕುಳಿತನೆಂಬುದನ್ನು ಮರೆತಿದ್ದೇವೆ. ನಮ್ಮ ಕುರ್ಚಿ ಇರುವುದು ಆಡಳಿತ ಭವನದಲ್ಲಿ, ಹಣಕಾಸು ಶಾಖೆಗೂ ಪರೀಕ್ಷಾಂಗಕ್ಕೂ ನಡುವೆ. ಹತ್ತೂವರೆಗೆ ತೆರೆಯುತ್ತದೆ, ಐದೂವರೆಗೆ ಮುಚ್ಚುತ್ತದೆ. ತರಗತಿ ಮುಗಿಸಿ ನಾಲ್ಕೂವರೆಯ ಬಸ್ಸು ಹಿಡಿಯದಿದ್ದರೆ ರಾತ್ರಿ ಊರು ಸೇರಲಾಗದ ಹುಡುಗ ಈ ವೇಳೆಯಲ್ಲಿ ಅಲ್ಲಿಗೆ ಹೇಗೆ ಬಂದಾನು? ಅದಿರಲಿ, ಅವನ ಕಾಲೇಜಾದರೂ ಇರುವುದು ವಿಶ್ವವಿದ್ಯಾನಿಲಯದ ಆವರಣದಿಂದ ನೂರು ಕಿಲೋಮೀಟರು ದೂರದಲ್ಲಿ. ನಾಡಿನಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳೇ ನಾನೂರಕ್ಕೂ ಹೆಚ್ಚು ಇವೆ. ಅಲ್ಲಿ ಉದ್ಯೋಗ ಕೋಶದ ಸಂಚಾಲಕರೆಂದರೆ ಎನ್.ಎಸ್.ಎಸ್., ಗ್ರಂಥಾಲಯ ಸಮಿತಿ, ವಿದ್ಯಾರ್ಥಿವೇತನ ಇವುಗಳೊಡನೆ ಇದನ್ನೂ ಹೊತ್ತ ಒಬ್ಬ ಅಧ್ಯಾಪಕರು; ಎಷ್ಟೋ ಕಡೆ ಅವರ ಸಹಾಯಕ್ಕೆ ನಿಂತವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತನಗೇ ಕೆಲಸವುಂಟೋ ಇಲ್ಲವೋ ಅರಿಯದವರ ಮೇಲೆ ಇತರರಿಗೆ ಉದ್ಯೋಗದ ದಾರಿ ತೋರುವ ಹೊಣೆಯನ್ನು ಹೊರಿಸಿದ ಕೀರ್ತಿ ನಮ್ಮದು.

ಆದುದರಿಂದ ಕಚೇರಿ ನಡೆದು ಹೋಗಬೇಕು. ಸಂಜೆ ಏಳರ ಮೇಲೆ ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಿಗೆ, ಸಂತೆಯ ದಿನ ತಾಲ್ಲೂಕಿನ ಕಾಲೇಜಿಗೆ, ಬೆಳಗಿನ ಹೊತ್ತು ಗ್ರಂಥಾಲಯದ ಪತ್ರಿಕೆಗಳ ಮೇಜಿನ ಬಳಿಗೆ. ಇಷ್ಟೊಂದು ಕಡೆ ಹೋಗಲು ಜನವೆಲ್ಲಿ ಎಂದರೆ, ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ನಿದರ್ಶನ ಗಮನಾರ್ಹವಾದದ್ದು. ಅಲ್ಲಿ ಮೊದಲ ಹಂತದ ಸಲಹೆಯ ಕಾರ್ಯವನ್ನು ತರಬೇತಿ ಪಡೆದ ವಿದ್ಯಾರ್ಥಿಗಳಿಗೇ ಒಪ್ಪಿಸಿದ್ದಾರೆ. ಮುಂಚಿತವಾಗಿ ವೇಳೆ ಗೊತ್ತುಮಾಡಿಕೊಳ್ಳಬೇಕಾಗಿಲ್ಲ, ಒಳಗೆ ಕಾಲಿಟ್ಟರೆ ಸಾಕು. ಕಠಿನವಾದ ಪ್ರಶ್ನೆಗಳು ಮಾತ್ರ ಹಿರಿಯ ಸಲಹೆಗಾರರ ಬಳಿಗೆ ಹೋಗುತ್ತವೆ. ನಮ್ಮಲ್ಲಿ ಇದು ಇನ್ನೂ ಸಹಜವಾಗಿ ನಡೆಯತಕ್ಕದ್ದು, ಏಕೆಂದರೆ ಹಾಸ್ಟೆಲ್ಲಿನ ಹುಡುಗ ಮೇಷ್ಟರಿಗೆ ಹೇಳದ ಅಳುಕನ್ನು ಸೀನಿಯರ್ ಅಣ್ಣನಿಗೆ ಹೇಳುತ್ತಾನೆ. ಆ ಅಣ್ಣನಿಗೂ ಅಕ್ಕನಿಗೂ ಒಂದಿಷ್ಟು ತರಬೇತಿ, ಒಂದಿಷ್ಟು ಗೌರವಧನ, ಅಂಕಪಟ್ಟಿಯಲ್ಲಿ ಒಂದು ಮನ್ನಣೆ ಇಷ್ಟನ್ನು ಕೊಡುವುದು ಅಸಾಧ್ಯವೇನಲ್ಲ.

ಮಾತು ಇಲ್ಲಿಗೆ ಬಂದಿರುವುದರಿಂದ, ಸ್ವವಿವರ ಪತ್ರವನ್ನು ಕುರಿತು ಒಂದು ಅನುಭವವನ್ನು ತಮ್ಮ ಮುಂದಿಡುತ್ತೇನೆ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಿಂದ ಬರುತ್ತಿದ್ದ ಬಿ.ಕಾಂ. ಅಂತಿಮ ವರ್ಷದ ಹುಡುಗಿಯೊಬ್ಬಳು ತನ್ನ ರೆಸ್ಯೂಮನ್ನು ತಿದ್ದಿಕೊಡಿರೆಂದು ತಂದಿದ್ದಳು. ಒಂದು ಪುಟ, ಝೆರಾಕ್ಸ್ ಅಂಗಡಿಯಲ್ಲಿ ಯಾರದನ್ನೋ ನಕಲು ಮಾಡಿಸಿದ್ದು. ಗುರಿ, ಅಂಕ, ಸಂಗೀತ ಕೇಳುವುದು ಹವ್ಯಾಸ, ಅನುಭವದ ಮುಂದೆ ಶೂನ್ಯ.

“ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀಯಮ್ಮ?” ಎಂದು ಸುಮ್ಮನೆ ಕೇಳಿದೆ.

“ಐದಕ್ಕೆ ಸಾರ್. ಡೇರಿಗೆ ಹೋಗ್ಬೇಕಲ್ಲ.”

“ಹಾಲು ಹಾಕೋದಕ್ಕಾ?”

“ಇಲ್ಲ ಸಾರ್, ನಮ್ಮಪ್ಪ ಸೆಕ್ರೆಟ್ರಿ. ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ. ಫ್ಯಾಟ್ ನೋಡಿ ಕಂಪ್ಯೂಟರ್‌ಗೆ ಹಾಕೋದು, ಬಟವಾಡೆ ದಿನ ಲೆಕ್ಕ ತಾಳೆ ಮಾಡೋದು ಎಲ್ಲಾ ನಾನೇ.”

“ಇದನ್ನ ಇಲ್ಲಿ ಯಾಕಮ್ಮ ಬರೆದಿಲ್ಲ?”

“ಅದು ಮನೆ ಕೆಲ್ಸ ಅಲ್ವಾ ಸಾರ್.”

ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕ ಹಗುರವಾದ ಲೆಕ್ಕವಲ್ಲ. ದಿನಕ್ಕೆರಡು ಸಲ ಪ್ರತಿಯೊಬ್ಬ ಸದಸ್ಯನ ಹಾಲಿನ ಅಳತೆ, ಜಿಡ್ಡಿನ ಅಂಶ, ಅದಕ್ಕನುಗುಣವಾದ ದರ. ಅದರಲ್ಲಿ ಪಶು ಆಹಾರದ ಸಾಲದ ಕಡಿತ. ಒಂದು ರೂಪಾಯಿ ಹೆಚ್ಚುಕಮ್ಮಿಯಾದರೂ ಕ್ಯಾನು ಹಿಡಿದು ನಿಂತವರು ಅಲ್ಲಿಯೇ ಕೇಳುತ್ತಾರೆ, ಅವರಿಗೆ ಅಲ್ಲಿಯೇ ಸಮಾಧಾನ ಹೇಳಬೇಕು. ಬ್ಯಾಂಕುಗಳು ಹುಡುಕುವ ಗುಣಗಳು ಇವೇ ಅಲ್ಲವೆ? ಅವು ಆ ಹುಡುಗಿಯಲ್ಲಿ ಇದ್ದವು. ಅವುಗಳಿಗೆ ಕಾಗದದ ಮೇಲೆ ಬರುವ ಅಧಿಕಾರವುಂಟೆಂಬುದು ಮಾತ್ರ ಅವಳಿಗೆ ತಿಳಿದಿರಲಿಲ್ಲ. ಇಂದು ಕೃತಕ ಬುದ್ಧಿಮತ್ತೆಯ ಯಂತ್ರ ಕ್ಷಣಾರ್ಧದಲ್ಲಿ ನಿರ್ದೋಷವಾದ ಇಂಗ್ಲಿಷಿನಲ್ಲಿ ರೆಸ್ಯೂಮು ಬರೆದುಕೊಡುತ್ತದೆಯೆಂದು ಸಂತೋಷಪಡುವವರನ್ನು ನಾನು ಆಕ್ಷೇಪಿಸುವುದಿಲ್ಲ, ಆ ಸಂತೋಷದಲ್ಲಿ ನನಗೂ ಪಾಲುಂಟು. ಆದರೆ ಡೇರಿಯ ಸುದ್ದಿಯನ್ನು ಹುಡುಗಿ ತಾನಾಗಿ ಹೇಳದಿದ್ದರೆ ಯಂತ್ರ ಅದನ್ನು ಊಹಿಸಲಾರದು. ಉತ್ಸಾಹಿ, ಪರಿಶ್ರಮಿ, ತಂಡದೊಡನೆ ಬೆರೆಯಬಲ್ಲವಳು ಎಂಬ ವಿಶೇಷಣಗಳನ್ನು ಸಾವಿರ ಮಂದಿಗೆ ಹಂಚಿದಂತೆಯೇ ಅವಳಿಗೂ ಹಂಚಿ ಸುಮ್ಮನಾಗುತ್ತದೆ. ಯಂತ್ರ ಬರೆಯಲಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀಯೆಂದು ಕೇಳುವವರು ಒಬ್ಬರು ಎದುರಿಗೆ ಇರಲಿ. ಆ ಪ್ರಶ್ನೆ ಕನ್ನಡದಲ್ಲಿಯೇ ಇರಲಿ. ಸಂದರ್ಶನವನ್ನು ಇಂಗ್ಲಿಷಿನಲ್ಲಿ ಎದುರಿಸಬೇಕಾದೀತು, ಅದಕ್ಕೆ ಅಭ್ಯಾಸ ಮಾಡಿಸೋಣ. ಆದರೆ ತನ್ನ ಬಾಳಿನ ವಿಚಾರವಾಗಿ ಮೊದಲ ಸಲ ಯೋಚಿಸುವವನನ್ನು ಪರಭಾಷೆಯಲ್ಲಿ ಯೋಚಿಸೆಂದು ನಿರ್ಬಂಧಿಸುವುದು ಕ್ರೌರ್ಯ.

ಕೆಲಸವನ್ನು ಕುರಿತು ಮಾತನಾಡುವುದಕ್ಕಿಂತ ಕೆಲಸದ ಒಳಹೊಕ್ಕು ನೋಡುವುದು ಮೇಲೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯ 1957ರಲ್ಲಿ ಆರಂಭವಾದಾಗಲೇ 'ಕೆಲಕಾಲ ತರಗತಿ, ಕೆಲಕಾಲ ಉದ್ಯೋಗ' ಎಂಬ ಸರದಿಯ ಪದ್ಧತಿಯನ್ನು ಅಂಗೀಕರಿಸಿ ಅದರಿಂದಲೇ ಜಗತ್ಪ್ರಸಿದ್ಧವಾಯಿತು. ನಮ್ಮ ದೇಶದಲ್ಲಿಯೂ 1961ರ ಅಪ್ರೆಂಟಿಸ್ ಕಾಯಿದೆಯ ವ್ಯಾಪ್ತಿಗೆ 2014ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಅಲ್ಲದ ಪದವೀಧರರೂ ಬಂದಿದ್ದಾರೆ. ಅಪ್ರೆಂಟಿಸ್‌ಶಿಪ್ಪನ್ನು ಒಳಗೊಂಡ ಪದವಿಗಳಿಗೆ ಯು.ಜಿ.ಸಿ. 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕಲಾ ಮತ್ತು ವಾಣಿಜ್ಯ ವಿಭಾಗಗಳ ಎಷ್ಟು ಮಂದಿ ಅಧ್ಯಾಪಕರಿಗೆ ಈ ತಿದ್ದುಪಡಿಯ ಸುದ್ದಿ ತಲುಪಿದೆಯೆಂಬುದನ್ನು ಈ ಸಭೆಯಲ್ಲಿ ಕೈಯೆತ್ತಿಸಿ ನೋಡುವ ಧೈರ್ಯ ನನಗಿಲ್ಲ.

ಪ್ರಚಾರದ ವಿಷಯಕ್ಕೆ ಬರುತ್ತೇನೆ. 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗವನ್ನು ಆರಂಭಿಸಿದ, ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಬುದ್ಧಿಶಕ್ತಿಯ ಮಾಪನವನ್ನು ಅಭ್ಯಾಸ ಮಾಡಿ ಬಂದಿದ್ದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನೂ ಆರಂಭಿಸಿದರು. ಮನಸ್ಸನ್ನು ಅಳೆಯುವ ಶಾಸ್ತ್ರವೂ ಮನೆಮನೆಗೆ ಮಾತನ್ನು ಮುಟ್ಟಿಸುವ ಉಪಕರಣವೂ ಒಬ್ಬನೇ ಪ್ರಾಧ್ಯಾಪಕನ ಕೈಯಲ್ಲಿ ಕೂಡಿದ್ದ ಆ ಊರಿನ ಪರಂಪರೆಗೆ ವಾರಸುದಾರರಾದ ನಾವು, ಎ4 ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಸುತ್ತೋಲೆ ಅಚ್ಚು ಮಾಡಿ ಗಾಜಿನ ಫಲಕದೊಳಗೆ ಬೀಗ ಹಾಕಿಡುವುದನ್ನು ಪ್ರಚಾರವೆಂದು ಕರೆಯುತ್ತಿದ್ದೇವೆ. ಈಗ ಆ ಫಲಕದ ಛಾಯಾಚಿತ್ರ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದರಿಂದ ಸುಧಾರಣೆಯಾಯಿತೆಂದು ತಿಳಿದವರೂ ಇದ್ದಾರೆ. ದಿನಕ್ಕೆ ಇಪ್ಪತ್ತು ಸಂದೇಶ ಬೀಳುವ ಗುಂಪಿನಲ್ಲಿ ಇಪ್ಪತ್ತೊಂದನೆಯದನ್ನು ಯಾರೂ ಓದುವುದಿಲ್ಲ. ಅದೇ ಕಾಲೇಜಿನಲ್ಲಿ ಹೋದ ವರ್ಷ ಓದಿದವಳೊಬ್ಬಳು ಎರಡು ನಿಮಿಷದ ಧ್ವನಿಸಂದೇಶದಲ್ಲಿ, ತನ್ನ ಊರಿನ ಕನ್ನಡದಲ್ಲಿ, ಸಂದರ್ಶನದಲ್ಲಿ ಏನು ಕೇಳಿದರು, ಸಂಬಳ ಕೈಗೆ ಎಷ್ಟು ಬರುತ್ತದೆ, ಯಾವುದು ಕಷ್ಟವಾಯಿತು ಎಂದು ಹೇಳಿದರೆ ಅದನ್ನು ಹುಡುಗಿಯರು ತಾವು ಕೇಳಿ ಅಮ್ಮನಿಗೂ ಕೇಳಿಸುತ್ತಾರೆ. ಈ ಅಮ್ಮನನ್ನೂ ಅಪ್ಪನನ್ನೂ ಮರೆತು ಹೆಣ್ಣುಮಕ್ಕಳ ಉದ್ಯೋಗವನ್ನು ಕುರಿತು ಯಾವ ಯೋಜನೆ ಹಾಕಿದರೂ ಅದು ಕಡತದಲ್ಲಿಯೇ ಉಳಿದೀತು. 2023ರ ಜೂನಿನಿಂದ ಶಕ್ತಿ ಯೋಜನೆಯಡಿ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಬೇಕಿಲ್ಲವಾಗಿ ಸಂದರ್ಶನದ ಊರಿಗೆ ಹೋಗುವುದು ಸುಲಭವಾಗಿದೆ. ಮನೆಯ ಹೊಸಿಲು ದಾಟುವ ಅನುಮತಿ ಇನ್ನೂ ಅಷ್ಟು ಸುಲಭವಾಗಿಲ್ಲ. ಎಲ್ಲಿ ಇಳಿದುಕೊಳ್ಳುತ್ತಾಳೆ, ರಾತ್ರಿ ಪಾಳಿ ಉಂಟೇ, ಜೊತೆಗೆ ನಮ್ಮ ಕಡೆಯವರು ಯಾರಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಪೋಷಕರ ಸಭೆಯೊಂದು ಹತ್ತು ಭಿತ್ತಿಪತ್ರಗಳಿಗೆ ಸಮಾನ.

ಮತ್ತೊಂದು ಸಣ್ಣ ಸಂಗತಿ, ಆದರೆ ನನ್ನ ದೃಷ್ಟಿಯಲ್ಲಿ ಬಹು ದೊಡ್ಡದು. ನೇಮಕದ ಆದೇಶ ಕೈಸೇರಿದ ಎಷ್ಟೋ ಹುಡುಗರು ಕೆಲಸಕ್ಕೆ ಹಾಜರಾಗುವುದೇ ಇಲ್ಲ. ಅವರಲ್ಲಿ ಶಿಸ್ತಿಲ್ಲವೆಂದು ಕಂಪನಿಯವರು ನಮ್ಮನ್ನು ದೂರುತ್ತಾರೆ. ವಿಚಾರಿಸಿ ನೋಡಿದರೆ ಬೆಂಗಳೂರಿನ ಪಿ.ಜಿ.ಗೆ ಮುಂಗಡ, ಮೊದಲ ತಿಂಗಳ ಊಟ, ಬಸ್ ಪಾಸು, ಎರಡು ಜೊತೆ ಬಟ್ಟೆ ಇಷ್ಟಕ್ಕೆ ಬೇಕಾದ ಹಣವನ್ನು ಮೊದಲ ಸಂಬಳ ಬರುವವರೆಗೆ ಹೊಂದಿಸಲಾರದೆ ಉಳಿದವರು ಹಲವರು. ವಿಶ್ವವಿದ್ಯಾನಿಲಯ ಒಂದು ಆವರ್ತ ನಿಧಿಯನ್ನಿಟ್ಟು, ಆದೇಶ ತೋರಿಸಿದವನಿಗೆ ಎರಡು ತಿಂಗಳ ಖರ್ಚನ್ನು ಬಡ್ಡಿಯಿಲ್ಲದೆ ಕೊಟ್ಟು, ಆರು ಕಂತುಗಳಲ್ಲಿ ಹಿಂದಕ್ಕೆ ಪಡೆಯಬಹುದು. ಹಳೆಯ ವಿದ್ಯಾರ್ಥಿಗಳ ಸಂಘಗಳ ಚಂದಾಕ್ಕೆ ಇದಕ್ಕಿಂತ ಸದ್ವಿನಿಯೋಗ ನನಗೆ ತೋರದು.

ಸ್ಪರ್ಧಾತ್ಮಕ ಪರೀಕ್ಷೆಗಳ ವಿಷಯದಲ್ಲಿ ನಮ್ಮ ಮೌನ ಅಕ್ಷಮ್ಯ. ಧಾರವಾಡದ ಸಪ್ತಾಪುರದಲ್ಲಿಯೂ ಬೆಂಗಳೂರಿನ ವಿಜಯನಗರದಲ್ಲಿಯೂ ತಿಂಗಳ ಬಾಡಿಗೆಯ ಓದುಕೋಣೆಗಳಲ್ಲಿ ಕುಳಿತು ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ., ಪಿ.ಡಿ.ಒ. ಎಂದು ಒಂದಾದ ಮೇಲೊಂದು ಪರೀಕ್ಷೆ ಬರೆಯುತ್ತಿರುವ ತರುಣರು ನಮ್ಮ ವಿದ್ಯಾರ್ಥಿಗಳೇ. ಅವರ ಛಲವನ್ನು ಹೀಗಳೆಯುವ ಹಕ್ಕು ನಮಗಿಲ್ಲ. ಆದರೆ ಹುದ್ದೆಗಳೆಷ್ಟು, ಅರ್ಜಿಗಳೆಷ್ಟು, ಎಷ್ಟು ವರ್ಷ ಪ್ರಯತ್ನಿಸಿ ಯಾವ ಘಟ್ಟದಲ್ಲಿ ಮತ್ತೊಂದು ದಾರಿಯನ್ನೂ ನೋಡಿಕೊಳ್ಳಬೇಕು ಎಂಬುದನ್ನು ಪದವಿಯ ಎರಡನೆಯ ವರ್ಷದಲ್ಲಿಯೇ ಅಂಕಿಗಳೊಡನೆ ಅವರ ಮುಂದಿಡುವುದು ನಮ್ಮ ಕರ್ತವ್ಯ. ಕೋಚಿಂಗ್ ಕೇಂದ್ರಗಳು ಅದನ್ನು ಮಾಡಲಾರವು, ಅವುಗಳ ಗೋಡೆಗಳಲ್ಲಿ ಉತ್ತೀರ್ಣರಾದವರ ಭಾವಚಿತ್ರಗಳಿಗೆ ಮಾತ್ರ ಸ್ಥಳವಿದೆ.

ಕಡೆಯದಾಗಿ ಲೆಕ್ಕದ ಮಾತು. ನ್ಯಾಕ್ ಸಮಿತಿ ಬರುತ್ತದೆಂದಾಗ ನಾವು ನೇಮಕಾತಿ ಪತ್ರಗಳ ಪ್ರತಿಗಳನ್ನು ಒಟ್ಟುಗೂಡಿಸುತ್ತೇವೆ. ಒಬ್ಬನೇ ಹುಡುಗನ ಕೈಯಲ್ಲಿ ಮೂರು ಪತ್ರಗಳಿದ್ದರೆ ನಮ್ಮ ಹರ್ಷ ಮೂರು ಪಾಲಾಗುತ್ತದೆ. ಅವನು ಹಾಜರಾದನೇ, ವರ್ಷದ ತರುವಾಯ ಅಲ್ಲಿಯೇ ಇದ್ದಾನೆಯೇ ಎಂಬುದನ್ನು ಕೇಳುವವರಿಲ್ಲ. ಬ್ರಿಟನ್ನಿನಲ್ಲಿ ಹಿಂದೆ ಪದವೀಧರರ ಸ್ಥಿತಿಗತಿಯನ್ನು ಕೋರ್ಸು ಮುಗಿದ ಆರು ತಿಂಗಳಿಗೆ ವಿಚಾರಿಸುತ್ತಿದ್ದರು. ಅದು ಅಪಕ್ವವೆಂದು ಕಂಡು ಈಗ ಹದಿನೈದು ತಿಂಗಳ ಬಳಿಕ ವಿಚಾರಿಸುತ್ತಾರೆ, ಮಾಡುತ್ತಿರುವ ಕೆಲಸ ನಿನಗೆ ಅರ್ಥವುಳ್ಳದ್ದೆನಿಸುತ್ತದೆಯೇ ಎಂದೂ ಕೇಳುತ್ತಾರೆ. ನಾವೂ ಹಾಗೆ ಕೇಳುವ ದಿನ ಬಂದರೆ, ತಂದೆಯ ಎರಡೆಕರೆಯಲ್ಲಿ ರೇಷ್ಮೆ ಬೆಳೆದು ನೆಮ್ಮದಿಯಾಗಿರುವ ಬಿ.ಎಸ್‌ಸಿ. ಪದವೀಧರನೂ ನಮ್ಮ ಲೆಕ್ಕದಲ್ಲಿ ಸೇರುತ್ತಾನೆ. ಈಗ ಅವನು ನಮ್ಮ ಕಡತಗಳಲ್ಲಿ ನಿರುದ್ಯೋಗಿ.

ನಾಳೆ ಮಧ್ಯಾಹ್ನದ ಗೋಷ್ಠಿಗೆ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಕರೆದಿದ್ದಾರೆಂದು ತಿಳಿದು ಸಂತೋಷವಾಯಿತು. ಕಾರ್ಯಕ್ರಮ ಪಟ್ಟಿಯಲ್ಲಿ ಅವರಿಗೆ ಕೊನೆಯ ಹತ್ತು ನಿಮಿಷ ಕೊಟ್ಟಿರುವುದನ್ನು ನೋಡಿ ಆ ಸಂತೋಷ ಅಷ್ಟೇ ಬೇಗ ಇಳಿಯಿತು. ಸಂಘಟಕರಲ್ಲಿ ನನ್ನ ವಿನಂತಿಯಿಷ್ಟೆ: ಆ ಗೋಷ್ಠಿಯನ್ನು ಅವರ ಮಾತಿನಿಂದಲೇ ಆರಂಭಿಸಿರಿ, ನಮ್ಮ ಪ್ರಬಂಧಗಳು ಆಮೇಲೆ ಬರಲಿ, ಮತ್ತು ತಾಲ್ಲೂಕು ಕಾಲೇಜುಗಳಿಂದ ಬಂದವರು ಮರಳಿ ಊರು ಸೇರಬೇಕಾದುದರಿಂದ ಗೋಷ್ಠಿ ನಾಲ್ಕು ಗಂಟೆಯೊಳಗೆ ಮುಗಿಯುವಂತೆ ನೋಡಿಕೊಳ್ಳಿರಿ.